ಸತ್ಯಾಂಶ: ಲ್ಯಾಕ್ಟೇಟ್ ತಡೆದರೆ ಇಮ್ಯೂನಿಟಿ ಹೆಚ್ಚುತ್ತದೆಯೇ?

"ಲ್ಯಾಕ್ಟಿಕ್ ಆಮ್ಲ ದೇಹದೊಳಗಿನ ವಿಷ. ಅದರ ಓಡಾಟ ನಿಲ್ಲಿಸುವ ಎಆರ್-ಸಿ155858 ತಗೊಂಡರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ." ವಾಟ್ಸ್ಯಾಪ್‌ನಲ್ಲಿ ಹೀಗೆ ಬಂದರೆ ನಂಬಬೇಡಿ, ನಿಜ ತದ್ವಿರುದ್ಧ.

ಈ ಬಗೆಯ ಸಂಯುಕ್ತಗಳು ಆಸ್ಟ್ರಾಜೆನೆಕಾ ವಿಜ್ಞಾನಿಗಳಿಗೆ ಸಿಕ್ಕಿದ್ದೇ ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಔಷಧದ ಹುಡುಕಾಟದಲ್ಲಿ. ಅವು ಹಿಡಿಯುವುದು ಎಂಸಿಟಿ1 ಎಂಬ ಸಾಗಣೆ ಪ್ರೋಟೀನನ್ನು ಎಂದು 2005ರಲ್ಲಿ ಪ್ರಕಟವಾಯಿತು.

ಸೋಂಕು ಕಂಡ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಬೇಗಬೇಗ ಇಬ್ಭಾಗವಾಗಬೇಕು. ಅದಕ್ಕಾಗಿ ಗ್ಲೂಕೋಸನ್ನು ಭರದಿಂದ ಒಡೆಯುತ್ತದೆ. ಒಂದು ಗ್ಲೂಕೋಸಿಗೆ ಎರಡು ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ ದೇಹದೊಳಗೆ ಇರುವ ರೂಪ) ಹುಟ್ಟುತ್ತವೆ. ಪ್ರತಿ ಲ್ಯಾಕ್ಟೇಟ್ ಒಂದು ಪ್ರೋಟಾನಿನ ಜೊತೆ ಎಂಸಿಟಿ1 ಬಾಗಿಲಿನಿಂದ ಹೊರಹೋಗುತ್ತದೆ. ಬಾಗಿಲು ಮುಚ್ಚಿದರೆ ಎರಡೂ ಒಳಗೇ ತುಂಬಿಕೊಂಡು, ಗ್ಲೂಕೋಸ್ ಒಡೆಯುವ ಕೆಲಸ ಕುಂಟುತ್ತದೆ, ವಿಭಜನೆ ನಿಲ್ಲುತ್ತದೆ. ಇದು ಶಕ್ತಿ ಹೆಚ್ಚುವುದಲ್ಲ, ಕುಗ್ಗುವುದು.

ಎಂಸಿಟಿ1 ಮತ್ತು 2ನ್ನು ಕೆಲವೇ ನ್ಯಾನೋಮೋಲಾರ್‌ನಷ್ಟು, ಅಂದರೆ ಅತಿ ಕಡಿಮೆ, ಪ್ರಮಾಣದಲ್ಲಿ ತಡೆಯುವ ಎಆರ್-ಸಿ155858, ಲ್ಯಾಕ್ಟೇಟಿನ ಇನ್ನೊಂದು ಬಾಗಿಲಾದ ಎಂಸಿಟಿ4ನ್ನು ಮುಟ್ಟುವುದಿಲ್ಲ. ಹಾಗಾಗಿ ಎಂಸಿಟಿ4 ಹೇರಳವಾಗಿರುವ ಕೋಶದ ಮೇಲೆ ಪ್ರಯೋಗ ಮಾಡಿ "ಕೆಲಸ ಮಾಡಲಿಲ್ಲ" ಎನ್ನುವುದು ತಪ್ಪು. ಸಂಯುಕ್ತವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದರೆ, ಸಂಯುಕ್ತ ಹಾಕದ ಹೋಲಿಕೆಯ ತಟ್ಟೆಗೂ ಅಷ್ಟೇ ಡಿಎಂಎಸ್‌ಒ ಹಾಕಬೇಕು. ಇಲ್ಲವಾದರೆ ದ್ರಾವಕದ ಪರಿಣಾಮವೂ ಸಂಯುಕ್ತದ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಆರ್-ಸಿ155858 ಪ್ರಯೋಗಾಲಯದ ವಸ್ತು, ಮಾತ್ರೆಯಲ್ಲ.

ಇನ್ನು ಲ್ಯಾಕ್ಟೇಟ್ ವಿಷವೂ ಅಲ್ಲ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಜೋರಾಗಿ ಓಡಿದ ಮೇಲೂ ರಕ್ತದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ಮಾಮೂಲಿಗೆ ಬರುತ್ತದೆ. ಮರುದಿನದ ಮೈಕೈ ನೋವಿಗೆ ಅದನ್ನು ದೂರುವುದು ಸರಿಯಲ್ಲ.