ಹಗಲು ಗಾಡಿ, ರಾತ್ರಿ ಮನೆ

ಹುಲಿಕಲ್ ಘಾಟಿ ಇಳಿದು ಹೊಸಂಗಡಿಯಲ್ಲಿ ಚಾ ಕುಡಿಯೋಣವೆಂದು ಗಾಡಿ ನಿಲ್ಲಿಸಿದೆವು. ಐದು ನಿಮಿಷಕ್ಕೆ ಸುತ್ತ ಜನ ಸೇರಿದರು. "ಯಾರ್ ಬಂದದ್ದ್ ಮಾರ್ರೆ ಒಳಗೆ?" ಅಂತ ಒಬ್ಬರು, "ಶೂಟಿಂಗ್ ಎಲ್ಲಿ?" ಅಂತ ಇನ್ನೊಬ್ಬರು. ಬಾಗಿಲು ತೆರೆಯಿತು. ಮೊಬೈಲುಗಳು ಮೇಲೆದ್ದವು. ಇಳಿದದ್ದು ನಮ್ಮಮ್ಮ. ಪ್ರಾಯ ಎಪ್ಪತ್ನಾಲ್ಕು, ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ, ಸೀರೆಯ ನೆರಿಗೆ ತುಂಬ ಅದರ ರಸ. ಭರಣಿ ಘಾಟಿಯ ಮೂರನೇ ತಿರುವಿನಲ್ಲೇ ಮಗುಚಿತ್ತು. ಗುಂಪು ಅರೆಗಳಿಗೆ ತಬ್ಬಿಬ್ಬಾಯಿತು. ಆಮೇಲೆ ಒಬ್ಬ ಹುಡುಗ ಧೈರ್ಯ ಮಾಡಿ, "ಯಾವ ಸೀರಿಯಲ್ಲಿನ ಅತ್ತೆ ಇವ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದಲ್ಲಿ ನಿಂತು ಸೆಲ್ಫಿ ಹೊಡೆದುಕೊಂಡ.

ಅವನದೇನೂ ತಪ್ಪಿಲ್ಲ. ನಮ್ಮ ನಾಡಿನಲ್ಲಿ ಕ್ಯಾರವಾನ್ ಅಂದರೆ ಹೀರೋ ಮೇಕಪ್ ಮಾಡಿಕೊಳ್ಳುವ ಬಸ್ಸು. ಚುನಾವಣೆ ಹತ್ತಿರವಿದ್ದರೆ ನಾಯಕರು ತಲೆ ಹೊರಗೆ ಹಾಕಿ ಕೈ ಬೀಸುವ ರಥ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಸಂಸಾರ ಕಡಲ ದಂಡೆಯಲ್ಲಿ ಎರಡು ರಾತ್ರಿ ಮಲಗುವುದಕ್ಕೆ ಅದರಲ್ಲಿ ಹೊರಟಿದೆ ಅಂದರೆ ಯಾರು ನಂಬುತ್ತಾರೆ?

ಇದರ ಮೂಲಪುರುಷ ನನ್ನ ಹೆಂಡತಿಯ ತಮ್ಮ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮಕ್ಕಳಿಗೆ ಬೇಸಿಗೆ ರಜೆ ಬಿಟ್ಟ ಮಾರನೇ ದಿನವೇ ಫೋನ್ ಮಾಡಿದ: "ಬಾವ, ಈ ಸಲ ನಿಮಗೆಲ್ಲ ಒಂದು ಎಕ್ಸ್‌ಪೀರಿಯೆನ್ಸ್ ಕೊಡ್ತೀನಿ." ಬಾಡಿಗೆ ಎಷ್ಟು ಅಂತ ಕೇಳಿ ನಾನು ಮನಸ್ಸಿನಲ್ಲೇ ತಕ್ಕಡಿ ಹಿಡಿದೆ. ಅರ್ಧ ಮೂಟೆ ರಾಶಿ ಇಡಿ ಅಡಿಕೆ ಹೋಯಿತು. ಅಮ್ಮ ಮಾತ್ರ ಸರಳವಾಗಿ ಕೇಳಿದ್ದು: "ಎಂತಕ್ಕಾ ಇದೆಲ್ಲ? ಕುಂದಾಪುರದಲ್ಲಿ ನಿನ್ನ ಚಿಕ್ಕಮ್ಮನ ಮನೆ ಇದೆಯಲ್ಲ." ಚಿಕ್ಕಮ್ಮನ ಮನೆ ಎಕ್ಸ್‌ಪೀರಿಯೆನ್ಸ್ ಅಲ್ಲ ಅಂತ ತೀರ್ಮಾನವಾಯಿತು. ನಮ್ಮ ಪಕ್ಕದ ಹೋಂಸ್ಟೇಯಲ್ಲಿ ಬೆಂಗಳೂರಿನವರು ದುಡ್ಡು ಕೊಟ್ಟು ಬಚ್ಚಲುಮನೆಯ ಹಂಡೆ ನೀರು ಹೊಯ್ದುಕೊಳ್ಳುತ್ತಾರೆ. ಪುಕ್ಕಟೆ ಸಿಗುವ ಅದೇ ಹಂಡೆಯನ್ನು ಬಿಟ್ಟು ನಾವು ದುಡ್ಡು ಕೊಟ್ಟು ಒಂದು ತಗಡಿನ ಪೆಟ್ಟಿಗೆಯಲ್ಲಿ ಸ್ನಾನ ಮಾಡಲು ಹೊರಟೆವು. ಆ ಸ್ನಾನದ ಗೂಡಿಗಿಂತ ನಮ್ಮ ಅಡಿಕೆ ಬೇಯಿಸುವ ಹಂಡೆ ಅಗಲ.

ಬಾಮೈದ ದಾರಿಯುದ್ದಕ್ಕೂ ಇತಿಹಾಸ ಹೇಳಿದ. ಈ ತೆವಲು ಶುರುವಾದದ್ದು ಬ್ರಿಟನ್ನಿನಲ್ಲಂತೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ಮಾಜಿ ವೈದ್ಯ ಮಹೋಗನಿ ಮರದಲ್ಲಿ ಒಂದು ಗಾಡಿಮನೆ ಕಟ್ಟಿಸಿ, ಎರಡು ಕುದುರೆ ಹೂಡಿ ದೇಶ ಸುತ್ತಿದ. ಅವನ ಸೇವಕ ಟ್ರೈಸಿಕಲ್ ತುಳಿಯುತ್ತ ಮುಂದೆ ಮುಂದೆ ಹೋಗಿ ದಾರಿಯವರನ್ನು ಎಚ್ಚರಿಸುತ್ತಿದ್ದನಂತೆ. 1907ಕ್ಕೆ ಅಲ್ಲಿ ಕ್ಯಾರವಾನ್ ಕ್ಲಬ್ಬೂ ಆಯಿತು. ಇದನ್ನು ಕೇಳುತ್ತ ನಾನು ಕಿಟಕಿಯಿಂದ ಮುಂದೆ ನೋಡಿದೆ. ನನ್ನ ದೊಡ್ಡಪ್ಪನ ಮಗ ಸ್ಕೂಟರಿನಲ್ಲಿ ಮುಂದೆ ಹೋಗುತ್ತಿದ್ದ, ಹಿಂದಿನ ಸೀಟಿನಲ್ಲಿ ಅಡಿಕೆ ಕೊಯ್ಯುವ ದೋಟಿ ಕಟ್ಟಿಕೊಂಡು. ನಮ್ಮೂರ ರಸ್ತೆಯಲ್ಲಿ ಜೋತುಬಿದ್ದ ಕೇಬಲ್ ವೈರುಗಳನ್ನು ಎತ್ತಿ ಹಿಡಿಯದೆ ಗಾಡಿ ಮನೆ ಬಾಗಿಲಿನಿಂದ ಟಾರು ರಸ್ತೆಗೆ ಬರುವಂತಿರಲಿಲ್ಲ. ನೂರನಲವತ್ತು ವರ್ಷದಲ್ಲಿ ಟ್ರೈಸಿಕಲ್ ಹೋಗಿ ಸ್ಕೂಟರ್ ಬಂದಿದೆ, ಅಷ್ಟೆ.

ನಮಗೆ ಆಗುಂಬೆ ಘಾಟಿಯೇ ಹತ್ತಿರ. ಆದರೆ ಅಲ್ಲಿ ಘನ ವಾಹನಕ್ಕೆ ನಿಷೇಧ, ಮೇಲಿಂದ ಹದಿನಾಲ್ಕು ತಿರುವು. ನಮ್ಮದು ಘನವೋ ಲಘುವೋ ಎಂದು ಬಾಮೈದನೂ ಡ್ರೈವರನೂ ಕೊಪ್ಪದ ತನಕ ಕೇಳಿಸುವಷ್ಟು ಜೋರಾಗಿ ಚರ್ಚೆ ಮಾಡಿ, ಕಡೆಗೆ ಹುಲಿಕಲ್ ಹಿಡಿದರು. ಚಂಡಿಕಾಂಬೆಗೆ ಕಾಣಿಕೆ ಹಾಕಿ ಇಳಿದೆವು. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತರೆ, ಆಕಾಶ ತಿಳಿಯಾಗಿದ್ದ ದಿನ, ಸಮುದ್ರ ಪುಕ್ಕಟೆ ಕಾಣುತ್ತದೆ ಎಂಬ ಮಾತನ್ನು ನಾನು ಬಾಯಿಗೆ ತರಲಿಲ್ಲ. ಅಡ್ವಾನ್ಸ್ ಕೊಟ್ಟಾಗಿತ್ತು.

ಗಾಡಿಯೊಳಗೆ ಒಂದು ಪುಸ್ತಿಕೆ ಇತ್ತು. ಅದರ ಜೊತೆಗೆ ಬಾಮೈದ ಮೋಟಾರ್ ಕ್ಯಾರವಾನ್ ಅಂದರೆ ಏನೆಂಬ ಸರ್ಕಾರಿ ವ್ಯಾಖ್ಯೆಯನ್ನೂ ಮೊಬೈಲಿನಲ್ಲಿ ಓದಿ ಹೇಳಿದ. ಕೂರಲು ಸೀಟು ಮತ್ತು ಮೇಜು, ಮಲಗಲು ಜಾಗ, ಅಡುಗೆ ಮಾಡಲು ಅನುಕೂಲ, ಸಾಮಾನು ಇಡಲು ಕಪಾಟು. ಕಡಿಮೆಯೆಂದರೆ ಈ ನಾಲ್ಕು ಇರಬೇಕಂತೆ. "ಕಕ್ಕಸು?" ಅಂತ ಹೆಂಡತಿ ಕೇಳಿದಳು. ಪಟ್ಟಿಯಲ್ಲಿ ಕಕ್ಕಸಿಲ್ಲ. ಕೂತು, ಮಲಗಿ, ಬೇಯಿಸಿ, ತಿಂದು, ಪಾತ್ರೆ ಎತ್ತಿಟ್ಟ ಮೇಲೆ ಪ್ರಜೆಗೆ ಇನ್ನೇನು ಕೆಲಸವಿರುತ್ತದೆ ಎಂದು ಬರೆದವರಿಗೆ ಹೊಳೆದಂತಿಲ್ಲ. ನಮ್ಮ ಗಾಡಿಯಲ್ಲಿ ಪುಣ್ಯಕ್ಕೆ ಅದಿತ್ತು. ಅದೇ ಮುಂದೆ ಪಾಪಕ್ಕೆ ಕಾರಣವಾಯಿತು.

ಕಡಲು ಮುಟ್ಟಿದಾಗ ಸಂಜೆ ನಾಲ್ಕೂವರೆ. ಯಾವ ಊರಿನ ದಂಡೆ ಅಂತ ಹೇಳುವುದಿಲ್ಲ, ನಾಳೆ ಚಿಕ್ಕಮ್ಮ ಅಲ್ಲಿಯ ಸಂತೆಗೆ ಹೋಗಬೇಕು. ಸೆಕೆ ಎಂದರೆ ಸೆಕೆ. ಮಲೆನಾಡಿನವರು ಏಪ್ರಿಲ್ಲಿನಲ್ಲಿ ಕರಾವಳಿಗೆ ಇಳಿದರೆ ಬೆಣ್ಣೆಮುದ್ದೆಯನ್ನು ಒಲೆಕಟ್ಟೆ ಮೇಲೆ ಇಟ್ಟ ಹಾಗೆ. ಗಾಳಿಮರದ ನೆರಳಿಗೆ ಗಾಡಿ ನಿಲ್ಲಿಸಿ ಮಕ್ಕಳು ಇಳಿಯುವಷ್ಟರಲ್ಲಿ ಸೀಟಿ ಊದುತ್ತ ಒಬ್ಬರು ಬಂದರು. ಹಿಂದೆ ಚೀಟಿ ಪುಸ್ತಕ ಹಿಡಿದವರೊಬ್ಬರು.

"ಹ್ವಾಯ್, ಇದ್ ಎಂತ ಮಾರ್ರೆ?"

"ಕ್ಯಾರವಾನ್. ರಾತ್ರಿ ಇಲ್ಲೇ ಮಲಗ್ತೇವೆ."

"ಮಲ್ಗೂದಾ? ಒಳಗೆ ಅಡ್ಗಿಮನಿ ಇತ್ತಾ?"

"ಇದೆ."

"ಕಕ್ಕಸ್?"

"ಅದೂ ಇದೆ," ಎಂದ ಬಾಮೈದ, ಸ್ವಲ್ಪ ಹೆಮ್ಮೆಯಿಂದಲೇ.

"ಹಾಂಗಾರೆ ಇದ್ ಮನಿ. ಸಿಆರ್‌ಝಡ್ ಒಳಗೆ ಮನಿ ಮಾಡುಕಿಲ್ಲೆ."

ಸಿಆರ್‌ಝಡ್ ಅಂದರೆ ಭರತ ಏರುವ ಗೆರೆಯಿಂದ ಇಷ್ಟು ದೂರದೊಳಗೆ ಕಟ್ಟಡ ಕೂಡದು ಎಂಬ ನಿಯಮ. 1991ರಲ್ಲಿ ಬಂತು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಒಳ್ಳೆಯ ನಿಯಮವೇ. ಆದರೆ ಅದಕ್ಕೆ ಚಕ್ರ ಇರುವ ಮನೆ ಗೊತ್ತಿಲ್ಲ. ಬಾಮೈದ ಅವರ ಕೈ ಹಿಡಿದು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿಸಿದ. ಚಕ್ರ ತೋರಿಸಿದ, ನಂಬರ್ ಪ್ಲೇಟ್ ತೋರಿಸಿದ, ಫಾಸ್ಟ್ಯಾಗ್ ತೋರಿಸಿದ. ಅವರು ನ್ಯಾಯವಂತರು, ತಕ್ಷಣ ಒಪ್ಪಿದರು.

"ಹಾಂಗಾರೆ ಇದ್ ಗಾಡಿ. ಚೀಟಿ ಹರಿ ಮಾರಾಯ."

ಚೀಟಿ ಪುಸ್ತಕದಲ್ಲಿ ಇದ್ದದ್ದು ಬೈಕು, ಕಾರು, ಬಸ್ಸು. ಬಸ್ಸಿನ ಚೀಟಿ ಹರಿಸಿ ದುಡ್ಡು ಕೊಟ್ಟೆವು. ದುಡ್ಡು ಕಿಸೆಗೆ ಇಳಿದ ಮೇಲೆ ಅವರು ಹೇಳಿದರು: "ಏಳ್ ಗಂಟಿ ಮೇಲೆ ಇಲ್ಲ್ ಗಾಡಿ ನಿಲ್ಸುಕಾತಿಲ್ಲೆ."

"ರಾತ್ರಿ ಇದು ಮನೆ ಅಲ್ವಾ?" ಎಂದೆ.

"ಮನಿ ಆರೆ ಸಿಆರ್‌ಝಡ್."

ನಾನು ಸುಮ್ಮನಾದೆ. ನಮಗೆ ಮಲೆನಾಡಿನವರಿಗೆ ಇದು ಹೊಸ ಮಾತಲ್ಲ. ನಮ್ಮ ಅಜ್ಜ ಉಳುಮೆ ಮಾಡಿದ ಜಾಗ ಕಂದಾಯದವರ ನಕ್ಷೆಯಲ್ಲಿ ಒಂದು, ಅರಣ್ಯದವರ ನಕ್ಷೆಯಲ್ಲಿ ಇನ್ನೊಂದು. ಬಗರ್‌ಹುಕುಂ ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ನಮೂನೆ 50 ಹಾಕಿ, 53 ಹಾಕಿ, 57 ಹಾಕಿ ಕೂತವರು ನಾವು. ತೆರಿಗೆ ಕಟ್ಟುವಾಗ ಅದು ಹೊಲ, ಹಕ್ಕುಪತ್ರ ಕೇಳುವಾಗ ಕಾಡು. ಅಷ್ಟು ತಾಲೀಮು ಆದವನಿಗೆ ಹಗಲು ಗಾಡಿ ರಾತ್ರಿ ಮನೆ ಎಂಬುದು ಯಾವ ಲೆಕ್ಕ? ಬಾಮೈದ ಮಾತ್ರ ಕುದಿಯುತ್ತಿದ್ದ. ಅವನಿಗೆ ಎಲ್ಲಕ್ಕೂ ಒಂದು ಉತ್ತರ ಇರುತ್ತದೆ ಎಂಬ ನಂಬಿಕೆ, ಬೆಂಗಳೂರಿನಲ್ಲಿ ಇದ್ದೂ.

ಪರಿಹಾರ ಹೊಳೆದದ್ದು ಅಮ್ಮನಿಗೆ. "ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಒಳಗೂ ಅಲ್ಲ, ಹೊರಗೂ ಅಲ್ಲ. ಇದು ಹಿರಣ್ಯಕಶಿಪುವಿನ ಕೇಸು," ಎಂದು ತೀರ್ಪು ಕೊಟ್ಟು, ಮುಸ್ಸಂಜೆ ಕವಿಯುತ್ತಿದ್ದಂತೆ ಹೋಗಿ ಗಾಡಿಯ ಮೆಟ್ಟಿಲ ಮೇಲೆ, ಸರಿಯಾಗಿ ಹೊಸ್ತಿಲಲ್ಲಿ, ಕೂತರು. ಮಕ್ಕಳೂ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತರು. ಹೆಂಡತಿ ಒಳಗಿಂದ ಕಾಫಿ ಕೊಟ್ಟಳು. ಸೂರ್ಯ ನೀರಿಗೆ ಇಳಿಯಿತು. ನಿಜಕ್ಕೂ ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಅರ್ಧ ಮೂಟೆ ಅಡಿಕೆಗೆ ಸಿಕ್ಕ ಕಾನೂನುಬದ್ಧ ಕಡಲತೀರ ರಜೆ ಎಂದರೆ ಆ ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಕತ್ತಲಾಯಿತು. ನರಸಿಂಹನ ಬದಲು ಸೀಟಿ ಬಂತು.

ಮುಂದಿನ ಎರಡು ಗಂಟೆ ನಾವು ಹೆದ್ದಾರಿ 66ರಲ್ಲಿ ಮೇಲೆ ಕೆಳಗೆ ಓಡಾಡುತ್ತ ಮನೆಗೆ ಮನೆ ಹುಡುಕಿದೆವು. ಒಂದು ದೇವಸ್ಥಾನದ ಬಯಲಿನಲ್ಲಿ ಮಾರನೇ ದಿನ ಮದುವೆ. ಒಂದು ಶಾಲೆ ಮೈದಾನದ ಗೇಟು ನಮ್ಮ ಗಾಡಿಗಿಂತ ಗೇಣು ಕಿರಿದು. ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಅಷ್ಟು ನೀರಿನ ನಡುವೆ ನಿಂತಾಗ ನಮ್ಮ ಗಾಡಿಯ ಟ್ಯಾಂಕಿಯಲ್ಲಿ ನೀರು ಖಾಲಿ. ಇನ್ನೊಂದು ಟ್ಯಾಂಕಿ ಮಾತ್ರ ಭರ್ತಿ. ಘಾಟಿಯ ತಿರುವು, ಅಪ್ಪೆಮಿಡಿ, ಹೊಸಂಗಡಿಯ ಬಜ್ಜಿ, ಎಲ್ಲ ಸೇರಿ ಮಕ್ಕಳ ಹೊಟ್ಟೆ ಅದನ್ನು ತುಂಬಿಸಿಟ್ಟಿತ್ತು. ಪುಸ್ತಿಕೆ ತೆಗೆದು ನೋಡಿದರೆ "ನಿಗದಿತ ಸ್ಥಳದಲ್ಲಿ ಮಾತ್ರ ಖಾಲಿ ಮಾಡಿ" ಎಂದಿತ್ತು. ನಿಗದಿ ಮಾಡಿದವರು ಯಾರು, ಸ್ಥಳ ಎಲ್ಲಿ? ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್‌ಗೂ ಅದು ತಂಗುವ ಪಾರ್ಕಿಗೂ ನೀತಿ ಮಾಡಿದ್ದು 2010ರಲ್ಲೇ. ನೀತಿ ಮಾಡಿದ ವರ್ಷ ಹುಟ್ಟಿದ ಮಗು ಈಗ ಎಸ್ಸೆಸ್ಸೆಲ್ಸಿ ಬರೆದಾಯಿತು. ನಾವು ಎರಡು ಗಂಟೆ ಓಡಿದ ದಾರಿಯಲ್ಲಿ ನೀತಿ ಬೇಕಾದಷ್ಟು ಇದ್ದಿರಬಹುದು, ಕೊಳವೆ ಒಂದೂ ಸಿಗಲಿಲ್ಲ. ಪೆಟ್ರೋಲ್ ಬಂಕಿನವರೊಬ್ಬರು ಬಹಳ ಮರ್ಯಾದೆಯಿಂದ ಹೇಳಿದರು: "ಡೀಸೆಲ್ ಹಾಕ್ಸಿರೆ ನೀವು ನಮ್ಮ ಕಕ್ಕಸಿಗೆ ಹೋಪುಕಾತ್ತ್. ಕಕ್ಕಸನ್ನೇ ತಂದ್ರೆ ಹ್ಯಾಂಗೆ?"

ರಾತ್ರಿ ಒಂಬತ್ತೂವರೆಗೆ ಗಾಡಿ ಚಿಕ್ಕಮ್ಮನ ಮನೆ ಅಂಗಳಕ್ಕೆ ಬಂತು. ಅಮ್ಮ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಬಾಮೈದನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಚಿಕ್ಕಪ್ಪ ಟಾರ್ಚು ಹಿಡಿದು ಹಿತ್ತಲಿನ ಗುಂಡಿಯ ಚಪ್ಪಡಿ ಸರಿಸಿದರು. ಆ ಕೆಲಸದ ವಿವರ ಊಟದ ಹೊತ್ತಿಗೆ ಓದುವವರೂ ಇರುತ್ತಾರಾದ್ದರಿಂದ ಬಿಟ್ಟಿದ್ದೇನೆ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬ ಇಂಜಿನಿಯರು ಮೂಗಿಗೆ ಬೈರಾಸ ಕಟ್ಟಿಕೊಂಡು ಪೆಟ್ಟಿಗೆ ಹೊತ್ತು ನಡೆಯುವುದನ್ನು ನಾನು ನೋಡಿದೆ ಎಂದಷ್ಟೇ ದಾಖಲಿಸುತ್ತೇನೆ. ಆಮೇಲೆ ಕೋಳಿ ಸುಕ್ಕ, ನೀರ್‌ದೋಸೆ, ಜಗಲಿಯಲ್ಲಿ ಸಾಲಾಗಿ ಚಾಪೆ. ಸಮುದ್ರದ ಸದ್ದು ಅಲ್ಲಿಗೇ ಕೇಳಿಸುತ್ತಿತ್ತು. ಎರಡು ರಾತ್ರಿ ಅಲ್ಲೇ ಮಲಗಿದೆವು. ಬಾಡಿಗೆ ಗಾಡಿಯಲ್ಲಿ ಮಲಗಿದ್ದು ಡ್ರೈವರ್ ಒಬ್ಬನೇ, ಗ್ರೈಂಡರಿನ ಪ್ಲಗ್ಗಿಗೆ ವೈರು ಎಳೆದು, ಏಸಿ ಹಾಕಿಕೊಂಡು, ಬೆಳಗಾಗುವ ತನಕ. ಬೆಳಿಗ್ಗೆ ಎದ್ದು ಮೈಮುರಿದು, "ಚಲೋ ಎಕ್ಸ್‌ಪೀರಿಯೆನ್ಸ್ ಸಾರ್," ಎಂದ. ಅವನು ಹಾವೇರಿ ಕಡೆಯವನು.

ತಿಂಗಳು ಕಳೆದ ಮೇಲೆ ಚಿಕ್ಕಮ್ಮನ ಫೋನ್ ಬಂತು. ಗೃಹಜ್ಯೋತಿ ಬಂದಾಗಿನಿಂದ ಅವರಿಗೆ ಬರುತ್ತಿದ್ದದ್ದು ಸೊನ್ನೆ ಬಿಲ್ಲು. ಈ ಸಲ ಸರಾಸರಿ ಮೀರಿ ದುಡ್ಡು ಬಂದಿದೆ. ಮೀಟರ್ ಓದಲು ಬಂದ ಹುಡುಗ, "ಮನಿಗೆ ಏಸಿ ಹಾಕ್ಸಿದ್ರ್ಯಾ?" ಅಂತ ಕೇಳಿದನಂತೆ.

"ಮನಿಗಲ್ಲ ಮಗಾ, ಗಾಡಿಗೆ," ಎಂದರಂತೆ ಚಿಕ್ಕಮ್ಮ.

"ಗಾಡಿ ಚಾರ್ಜ್ ಮಾಡುಕೆ ಬೇರೆ ಮೀಟರ್ ಹಾಕ್ಸ್‌ಕ್."

"ಚಾರ್ಜ್ ಮಾಡೂ ಗಾಡಿ ಅಲ್ದಾ. ಒಳಗೆ ಅಡ್ಗಿಮನಿ, ಕಕ್ಕಸ್ ಎಲ್ಲ ಇತ್ತ್."

"ಹಾಂಗಾರೆ ಅದ್ ಇನ್ನೊಂದ್ ಮನಿ. ಅದಕ್ಕೆ ಬೇರೆ ಆರ್‌ಆರ್ ನಂಬರ್ ಬೇಕು. ಯಾರ ಹೆಸ್ರಲ್ ಇತ್ತ್ ಅದ್?"

"ನಿನ್ ಹೆಸ್ರ್ ಹೇಳಿದೆ ಮಗಾ," ಎಂದರು ಚಿಕ್ಕಮ್ಮ ಫೋನಿನಲ್ಲಿ ನನಗೆ. "ನಾಳೆ ಬತ್ತೆ ಅಂದಿದ. ಮನಿ ಈಗ ಎಲ್ಲಿತ್ತ್ ಅಂತ ಕೇಂಡ್ರೆ ಎಂತ ಹೇಳ್ಲಿ?"