ಪ್ರತಿ ಮಸೂದೆಯೂ ಸಂಸದೀಯ ಸಮಿತಿಯ ಮುಂದೆ ಹೋಗಲೇಬೇಕೇ?

ಪರ: ತಕ್ಕಡಿಗೆ ಇಡದ ಚೀಲ

ಯಶವಂತಪುರದ ಮಂಡಿಯೊಂದರಲ್ಲಿ ನಾನು ಹದಿನೆಂಟು ವರ್ಷ ಲೆಕ್ಕ ಬರೆದಿದ್ದೇನೆ. 2020ರ ಜೂನ್‌ನಲ್ಲಿ ಮೂರು ಕೃಷಿ ಸುಗ್ರೀವಾಜ್ಞೆಗಳು ಹೊರಬಿದ್ದಾಗ ಈರುಳ್ಳಿ ಚೀಲಗಳ ನಡುವೆ ಕುಳಿತು ನಾವು ಮೊದಲು ಕೇಳಿಕೊಂಡದ್ದು ಒಂದೇ ಪ್ರಶ್ನೆ. ಮಾಲು ಕೊಂಡವನು ದುಡ್ಡು ಕೊಡದಿದ್ದರೆ ರೈತ ಎಲ್ಲಿಗೆ ಹೋಗಬೇಕು? ಉಪವಿಭಾಗಾಧಿಕಾರಿಯ ಬಳಿಗೆ ಹೋಗಬೇಕು, ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು ಬರೆದಿತ್ತು. ಆ ಅಧಿಕಾರಿಯ ಮೇಜಿನ ಮೇಲಿನ ಕಡತಗಳ ರಾಶಿಯನ್ನು ಒಮ್ಮೆ ಕಂಡವರಿಗೆ ಇದು ನಡೆಯುವ ಮಾತಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ ಹಾಗೆ ಕಂಡವರನ್ನು ಯಾರೂ ಕರೆದು ಕೇಳಲಿಲ್ಲ.

ಆ ಸುಗ್ರೀವಾಜ್ಞೆಗಳ ಜಾಗಕ್ಕೆ ಬಂದ ಮಸೂದೆಗಳನ್ನು ಸಮಿತಿಗೆ ಒಪ್ಪಿಸಿ ಎಂದು ವಿರೋಧ ಪಕ್ಷಗಳು ಬೇಡಿದವು. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಮೂರರಲ್ಲಿ ಎರಡು ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾದವು. ರೈತರು ದೆಹಲಿಯ ಗಡಿಯಲ್ಲಿ ಕುಳಿತರು, ನಮ್ಮ ಫ್ರೀಡಂ ಪಾರ್ಕಿಗೂ ಬಂದರು. ಡಿಸೆಂಬರ್‌ನಲ್ಲಿ ಸರ್ಕಾರ ಮುಂದಿಟ್ಟ ತಿದ್ದುಪಡಿಗಳಲ್ಲಿ ಸಿವಿಲ್ ನ್ಯಾಯಾಲಯದ ದಾರಿ ತೆರೆಯುವುದೂ ಒಂದು! ನಮ್ಮ ಮಂಡಿಯ ಹಮಾಲರಿಗೂ ಹೊಳೆದಿದ್ದ ಮಾತು ಅದು. ಅಷ್ಟರಲ್ಲಿ ಒಪ್ಪಿಕೊಳ್ಳುವ ಹೊತ್ತು ಮೀರಿತ್ತು. 2021ರ ನವೆಂಬರ್ 29ರಂದು ಮೂರೂ ಕಾಯ್ದೆಗಳ ರದ್ದತಿ ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ, ಚರ್ಚೆಯೇ ಇಲ್ಲದೆ ಅಂಗೀಕಾರವಾಯಿತು. ಬಂದದ್ದೂ ಅವಸರದಲ್ಲಿ, ಹೋದದ್ದೂ ಅವಸರದಲ್ಲಿ.

ಸ್ಥಾಯಿ ಸಮಿತಿ ಮಾಡುವ ಕೆಲಸವೇನು ಎಂಬುದು ಬಹಳ ಜನರಿಗೆ ತಿಳಿದಿಲ್ಲ. 1993ರಲ್ಲಿ ಇಲಾಖಾವಾರು ಸಮಿತಿಗಳು 17 ಇದ್ದವು, ಈಗ 24 ಇವೆ. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಚಿವರಿಗೆ ಅಲ್ಲಿ ಜಾಗವಿಲ್ಲ. ಮಸೂದೆ ಬಂದರೆ ಸಮಿತಿ ಜಾಹೀರಾತು ಕೊಟ್ಟು ಜನರಿಂದ ಅಭಿಪ್ರಾಯ ಕೇಳಬಹುದು, ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು ಕಲಂ ಕಲಮಾಗಿ ಪ್ರಶ್ನಿಸಬಹುದು. ಕೋಲಾರದ ಟೊಮೆಟೊ ಬೆಳೆಗಾರನೂ ಪತ್ರ ಬರೆಯಬಹುದು. ಲೋಕಸಭೆಯಲ್ಲಿ ಆತ ಬಾಯಿ ತೆರೆಯಲು ಬೇರಾವ ಅವಕಾಶವಿದೆ?

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಸದನದಲ್ಲಿ ಸಂಸದರು ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಸಮಿತಿಯ ಕೋಣೆಗೆ ವಿಪ್ ಬರುವುದಿಲ್ಲ. ಕ್ಯಾಮೆರಾವೂ ಇಲ್ಲ. ಹೀಗಾಗಿ ಆಳುವ ಪಕ್ಷದವರೂ ತಮ್ಮ ಸರ್ಕಾರದ ಮಸೂದೆಯಲ್ಲಿ ಲೋಪ ಕಂಡರೆ ಹೇಳಬಲ್ಲರು. ಬಜೆಟ್ ಕಾಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಹೆಚ್ಚಿನ ಇಲಾಖೆಗಳ ಖರ್ಚಿನ ಹಣದ ಬೇಡಿಕೆಗಳು ಸದನದಲ್ಲಿ ಚರ್ಚೆ ಕಾಣದೆ ಒಟ್ಟಿಗೆ ಅಂಗೀಕಾರವಾಗುತ್ತವೆ. ಆ ಲೆಕ್ಕವನ್ನು ಯಾರಾದರೂ ಕೂತು ಓದುವುದಿದ್ದರೆ ಅದು ಸಮಿತಿಗಳಲ್ಲಿ.

ತಡವಾಗುತ್ತದೆ ಎನ್ನುವವರು ಸಾಲ ತೀರಿಸಲಾಗದವರ ವ್ಯವಹಾರ ಇತ್ಯರ್ಥ ಮಾಡುವ ದಿವಾಳಿ ಸಂಹಿತೆಯನ್ನು ನೋಡಲಿ. 2015ರ ಡಿಸೆಂಬರ್‌ನಲ್ಲಿ ಮಂಡನೆಯಾಗಿ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು, ಏಪ್ರಿಲ್‌ನಲ್ಲಿ ವರದಿ ಬಂತು, ಮೇ ತಿಂಗಳಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಮನಸ್ಸಿದ್ದರೆ ಆಗುತ್ತದೆ. ಆದರೆ 15ನೇ ಲೋಕಸಭೆಯ (2009–14) ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದರೆ, 17ನೇ ಲೋಕಸಭೆಯ (2019–24) ಅವಧಿಯಲ್ಲಿ ಅದು ಶೇ 16ರ ಆಸುಪಾಸಿಗೆ ಇಳಿಯಿತು. ಮಸೂದೆಯನ್ನು ಸಮಿತಿಗೆ ಕಳುಹಿಸಬಹುದು ಎಂದಷ್ಟೇ ಈಗಿನ ನಿಯಮ. ಆ ‘ಬಹುದು’ ಹೋಗಿ ‘ಬೇಕು’ ಬರಲಿ.

ವಿರೋಧ: ಕಾಯುತ್ತಿದ್ದ ಇಪ್ಪತ್ತೈದು ಸಾವಿರ

2017ರಲ್ಲಿ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಹತ್ತಿರ, ಗುರುತು ಸಿಗದ ಲಾರಿಯೊಂದು ನಮ್ಮ ಚಿಕ್ಕಪ್ಪನಿಗೆ ಬಡಿದು ಹೋಯಿತು. ಅಂಥ ಸಾವಿಗೆ ಕಾನೂನು ಆಗ ಕಟ್ಟಿದ್ದ ಪರಿಹಾರ 25,000 ರೂಪಾಯಿ. ಅದಕ್ಕಾಗಿ ಚಿಕ್ಕಮ್ಮ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಜೊತೆಗೆ ಹೋಗುತ್ತಿದ್ದವಳು ನಾನು. ಮೊತ್ತವನ್ನು 2 ಲಕ್ಷಕ್ಕೆ ಏರಿಸುವ ಪ್ರಸ್ತಾಪ 2016ರ ಆಗಸ್ಟ್‌ನಲ್ಲಿ ಮಂಡನೆಯಾದ ಮೋಟಾರು ವಾಹನ ತಿದ್ದುಪಡಿ ಮಸೂದೆಯಲ್ಲಿಯೇ ಇತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಆ ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, 2017ರ ಫೆಬ್ರುವರಿಯಲ್ಲಿ ವರದಿ ಬಂತು. ಏಪ್ರಿಲ್‌ನಲ್ಲಿ ಲೋಕಸಭೆ ಒಪ್ಪಿತು. ರಾಜ್ಯಸಭೆ ಅದನ್ನು ಮತ್ತೆ ಇನ್ನೊಂದು ಸಮಿತಿಗೆ ಒಪ್ಪಿಸಿತು. ಡಿಸೆಂಬರ್‌ನಲ್ಲಿ ಆ ವರದಿಯೂ ಬಂತು. ಮುಂದೆ ಏನೂ ಆಗಲಿಲ್ಲ. 2019ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಕೊನೆಯ ಆ ವಿಳಂಬ ಸಮಿತಿಯದಲ್ಲ, ಸದನದ್ದು ಎಂದು ಒಪ್ಪುತ್ತೇನೆ. ಆದರೆ ಒಂದೇ ಮಸೂದೆಯನ್ನು ಎರಡು ಸಮಿತಿಗಳು ಸೋಸುವಷ್ಟರಲ್ಲಿ ಒಂದೂಕಾಲು ವರ್ಷ ಸರಿದಿತ್ತು. ಈ ದೇಶದ ರಸ್ತೆಗಳಲ್ಲಿ ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ.

ಅಷ್ಟು ಸೋಸಿದ್ದರಿಂದ ಕಾನೂನು ಹದವಾಯಿತೇ? ಬಹುತೇಕ ಅದೇ ಮಸೂದೆ 2019ರಲ್ಲಿ ಕಾಯ್ದೆಯಾಗಿ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಬೆಂಗಳೂರಿನ ಸವಾರರು ದಂಡದ ರಸೀದಿ ನೋಡಿ ಹೌಹಾರಿದರು. ಅದೇ ತಿಂಗಳಲ್ಲಿ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದವರಿಗೆ 1,000 ಇದ್ದದ್ದು 500 ಆಯಿತು. ಜನರ ಜೇಬನ್ನು ಎರಡು ಸಮಿತಿಗಳೂ ಸರಿಯಾಗಿ ಅಳೆದಿರಲಿಲ್ಲ.

ಜನರ ಖಾಸಗಿ ಮಾಹಿತಿ ಕಾಯಲೆಂದು ತಂದ ವೈಯಕ್ತಿಕ ದತ್ತಾಂಶ ಮಸೂದೆಯ ಕಥೆ ಇನ್ನೂ ನೋವು ತರುತ್ತದೆ. ಮಾಹಿತಿ ತಂತ್ರಜ್ಞಾನದಿಂದ ಬದುಕುವ ನಮ್ಮ ಊರಿಗೆ ಇದು ದೂರದ ವಿಷಯವಲ್ಲ. 2019ರ ಡಿಸೆಂಬರ್‌ನಲ್ಲಿ ಜಂಟಿ ಸಮಿತಿ ರಚನೆಯಾಯಿತು. ಅದು ಎರಡು ವರ್ಷ ಕೂತು 81 ತಿದ್ದುಪಡಿಗಳನ್ನು ಸೂಚಿಸಿತು. 2022ರ ಆಗಸ್ಟ್‌ನಲ್ಲಿ ಸರ್ಕಾರ ಮಸೂದೆಯನ್ನೇ ಹಿಂಪಡೆಯಿತು. ಮರುವರ್ಷ ಹೊಸ ಮಸೂದೆ ತಂದು, ಯಾವ ಸಮಿತಿಗೂ ಕಳುಹಿಸದೆ ಅಂಗೀಕರಿಸಿತು. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಎಂದ ಮೇಲೆ ಕಡ್ಡಾಯ ಮಾಡಿ ಸಿಗುವುದಾದರೂ ಏನು? ಪ್ರತಿ ಮಸೂದೆಗೂ ಒಂದು ಪ್ರದಕ್ಷಿಣೆ, ಒಂದು ದಪ್ಪ ವರದಿ, ಅಷ್ಟೇ.

ಕೃಷಿ ಕಾಯ್ದೆಗಳನ್ನು ಸಮಿತಿಗೆ ಕಳುಹಿಸಬೇಕಿತ್ತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ಪದ ತಿದ್ದುವ ಸಣ್ಣ ಮಸೂದೆಯೂ, ಕೋಟಿಗಟ್ಟಲೆ ಜನರ ಬದುಕು ತಟ್ಟುವ ಮಸೂದೆಯೂ ಒಂದೇ ಸಾಲಿನಲ್ಲಿ ನಿಂತರೆ ಎರಡನೆಯದಕ್ಕೆ ಸಿಗಬೇಕಾದ ಗಮನ ಸಿಗುವುದಿಲ್ಲ. ಸ್ಥಾಯಿ ಸಮಿತಿಯ ಆಯುಸ್ಸು ಒಂದೇ ವರ್ಷ. ಸದಸ್ಯರಿಗೆ ವಿಷಯ ಹಿಡಿತಕ್ಕೆ ಬರುವ ಹೊತ್ತಿಗೆ ಸಮಿತಿ ಬದಲಾಗಿರುತ್ತದೆ. ಮೊದಲು ಆ ಅವಧಿ ಹೆಚ್ಚಲಿ. ಕಳುಹಿಸುವಾಗಲೇ ವರದಿಯ ದಿನಾಂಕ ಗೊತ್ತುಮಾಡಿ, ಅದು ತಪ್ಪಿದರೆ ಮಸೂದೆ ನೇರವಾಗಿ ಸದನಕ್ಕೆ ಮರಳಲಿ. ವರದಿಯ ಒಂದೊಂದು ಶಿಫಾರಸನ್ನೂ ಒಪ್ಪಿದ್ದೇಕೆ, ಬಿಟ್ಟದ್ದೇಕೆ ಎಂದು ಮತದಾನಕ್ಕೆ ಮುನ್ನ ಸಚಿವರು ಎದ್ದು ನಿಂತು ಹೇಳಲಿ.