ಆರೋಗ್ಯದ ದೃಷ್ಟಿಯಿಂದ ಒಂದು ವೈನ್ ಯಾತ್ರೆ

ಮಹಾರಾಷ್ಟ್ರದಲ್ಲಿ ಯಾರೂ ಮೋಜಿಗೆ ಕುಡಿಯುವುದಿಲ್ಲ. ಇದು ನನ್ನ ಮಾತಲ್ಲ, ಸರ್ಕಾರದ ಕಾಗದದ ಮಾತು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ. ಈಗ ಅದರ ಹೆಸರಿನಲ್ಲಿ ಮುಂಬಯಿ ಹೋಗಿ ಮಹಾರಾಷ್ಟ್ರ ಬಂದಿದೆ, ಅಷ್ಟೇ. ಅದರ ಪ್ರಕಾರ ಮದ್ಯ ಕುಡಿಯಲು ಪರವಾನಗಿ ಬೇಕು. ಒಂದು ದಿನದ್ದಕ್ಕೆ 5 ರೂಪಾಯಿ, ವರ್ಷದ್ದಕ್ಕೆ 100, ಜೀವಮಾನದ್ದಕ್ಕೆ 1000 ಎಂಬುದು ಬಹಳ ಕಾಲದಿಂದ ನಡೆದುಬಂದ ದರ. ಯಾಕೆ ಕುಡಿಯುತ್ತೀರಿ ಎಂದು ನಿಮ್ಮನ್ನು ಕೇಳುವ ಗೋಜೂ ಇಲ್ಲ. ಕಾರಣವನ್ನು ಅವರೇ ಅಚ್ಚು ಹಾಕಿಸಿಟ್ಟಿದ್ದಾರೆ: ಆರೋಗ್ಯ ಕಾಪಾಡಿಕೊಳ್ಳುವುದಕ್ಕೆ. ಹಾಗಾದರೆ ಶನಿವಾರ ಸಂಜೆ ಪುಣೆಯ ಬಾರುಗಳ ಮುಂದೆ ಸಾಲು ನಿಂತವರೆಲ್ಲ ಒಂದು ಲೆಕ್ಕದಲ್ಲಿ ಹೊರರೋಗಿಗಳು.

ಇದೇ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದಿತು. ನಾಸಿಕ್ ಜಿಲ್ಲೆಯ ವಿಂಚೂರ, ನಮ್ಮ ಸಾಂಗ್ಲಿ ಜಿಲ್ಲೆಯ ಪಲೂಸ, ಎರಡೂ ಕಡೆ ವೈನ್ ಪಾರ್ಕ್ ಎಂದು ಬೋರ್ಡು ಬಿತ್ತು. ವೈನಿಗೆ ಅಬಕಾರಿ ಸುಂಕ ಬಿಟ್ಟರು. ಒಂದು ಕೈಯಲ್ಲಿ ಪಾನನಿಷೇಧದ ಪುಸ್ತಕ, ಇನ್ನೊಂದು ಕೈಯಲ್ಲಿ ಬಾಟಲಿಯ ಬಿರಡೆ. ಇದರಿಂದ ಯಾರಿಗೂ ತೊಂದರೆ ಆದಂತಿಲ್ಲ. ಜತ್ತ ತಾಲ್ಲೂಕಿನ ಮೂಲೆಯಲ್ಲಿ ದ್ರಾಕ್ಷಿ ಬೆಳೆದುಕೊಂಡು ಇದ್ದ ನಮಗೂ ತೊಂದರೆ ಇರಲಿಲ್ಲ, ಬೆಂಗಳೂರಿನಿಂದ ಅಳಿಯಂದಿರ ಫೋನ್ ಬರುವ ತನಕ.

ಅಳಿಯಂದಿರು ಅಂದರೆ ಕಾಕಾನ ಮಗಳ ಗಂಡ. ಕಂಪ್ಯೂಟರ್ ಕೆಲಸ, ಎರಡು ಮಕ್ಕಳು, ಮೇ ತಿಂಗಳ ರಜೆ. "ಮಾವಾರೆ, ಎಲ್ಲರೂ ಸೇರಿ ನಾಸಿಕ್‌ಗೆ ಹೋಗೋಣ. ವೈನರಿ ಟೂರ್ ಅಂತ ಇದೆ. ದ್ರಾಕ್ಷಿ ತೋಟದಲ್ಲಿ ಸುತ್ತಾಡಿಸ್ತಾರೆ, ಟಿಕೆಟ್ ಏನೂ ಜಾಸ್ತಿ ಇಲ್ಲ" ಅಂದರು. ಫೋನ್ ಹಿಡಿದಿದ್ದ ಕಾಕಾ ನಿಂತಿದ್ದದ್ದು ದ್ರಾಕ್ಷಿ ತೋಟದಲ್ಲೇ. ಸುತ್ತ ನಾಲ್ಕು ಎಕರೆ ಥಾಮ್ಸನ್, ಆಚೆ ಒಂದು ಎಕರೆ ಸೋನಾಕಾ. ಟಿಕೆಟ್ ಇಲ್ಲ.

ಮನೆಯ ಅಳಿಯನಿಗೆ ಆಗದು ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಕಾಕಾ ಸುತ್ತಿ ಬಳಸಿ ಕೇಳಿದರು. "ಅಳಿಯಾರ, ಮೇ ತಿಂಗಳದಾಗ ಬಳ್ಳ್ಯಾಗ ಏನ ಇರ್ತದ್ರಿ? ಏಪ್ರಿಲ್ ಚಾಟ್ನಿ ಆಗಿರ್ತದ. ಬರೇ ಎಲಿ ನೋಡಾಕ ನಾಸಿಕಕ್ಕ ಹೋಗೂದೇನ್ರಿ?"

ಕಾಕಾ ಹೇಳಿದ್ದು ಸರಿ. ಯುರೋಪಿನ ಬಳ್ಳಿಗೆ ಚಳಿಗಾಲದಲ್ಲಿ ನಿದ್ದೆ, ಬೇಸಿಗೆಯಲ್ಲಿ ಹಣ್ಣು. ನಮ್ಮ ಬಿಸಿಲಿನಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತೇವೆ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ ಕಡ್ಡಿ ತಯಾರಾಗಲು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಹಣ್ಣಿಗೆ. ನಾಸಿಕ್‌ನಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಜನವರಿಯಿಂದ ಮಾರ್ಚ್ ಒಳಗೆ. ಹಣ್ಣು ಇರುವಾಗ ಮಕ್ಕಳಿಗೆ ಪರೀಕ್ಷೆ, ಮಕ್ಕಳಿಗೆ ರಜೆ ಇರುವಾಗ ಬಳ್ಳಿಗೆ ಹಣ್ಣಿಲ್ಲ. ಪ್ರವಾಸ ಫೆಬ್ರವರಿಗೆ ಹೋಯಿತು. ಮಕ್ಕಳನ್ನು ಬಿಟ್ಟು ಬರುವುದೆಂದಾಯಿತು. ವೈನರಿಗೆ ಮಕ್ಕಳನ್ನು ಯಾಕೆ ಕರೆತರಬೇಕಿತ್ತು ಎಂದು ಮೊದಲೇ ಕೇಳಿದ್ದವರು ವೈನಿ, ಅಂದರೆ ನಮ್ಮ ಅತ್ತಿಗೆ, ಒಬ್ಬರೇ. ಅವರ ಮಾತು ನಮ್ಮ ಮನೆಯಲ್ಲಿ ಯಾವಾಗಲೂ ಎರಡನೇ ಸುತ್ತಿನಲ್ಲಿ ಪಾಸಾಗುತ್ತದೆ.

ಆಮೇಲೆ ಅಳಿಯಂದಿರು ಒಂದು ಪಟ್ಟಿ ಕಳಿಸಿದರು. ಯಾವ ಊರು, ಯಾವ ವೈನರಿ, ಎಷ್ಟು ಹೊತ್ತಿಗೆ ರುಚಿ ನೋಡುವುದು, ಎಲ್ಲಾ ಬಣ್ಣ ಬಣ್ಣದ ಕಾಲಂಗಳಲ್ಲಿ. ಅದರಲ್ಲಿ ಪಲೂಸ ಇರಲಿಲ್ಲ. ನಮ್ಮದೇ ಜಿಲ್ಲೆ, ಸರ್ಕಾರ ತಾನೇ ನಿಂತು ಮಾಡಿಸಿದ ವೈನ್ ಪಾರ್ಕು, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಅಲ್ಲಿಗೆ ಯಾಕೆ ಬೇಡ ಎಂದು ಕೇಳಿದೆ. "ಅಲ್ಲಿ ಫೋಟೋ ತೆಗೆಯೋ ಹಾಗೆ ಏನಿದೆ?" ಅಂದರು. ಇಂಥ ಪ್ರಶ್ನೆ ನೀತಿ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಪ್ರವಾಸಿಗೆ ಬೇಕಾದ್ದು ಕೆರೆ, ಗುಡ್ಡ, ಸಂಜೆಯ ಬೆಳಕು, ಕೈಯಲ್ಲಿ ಉದ್ದ ಕಾಲಿನ ಗ್ಲಾಸು. ನಾಸಿಕ್‌ಗೆ ಗಂಗಾಪುರ ಅಣೆಕಟ್ಟಿನ ನೀರಿದೆ. ನಮಗೆ ಎಂಐಡಿಸಿಯ, ಅಂದರೆ ಸರ್ಕಾರಿ ಕೈಗಾರಿಕಾ ನಿಗಮದ, ಬೋರ್ಡಿದೆ.

ಪಟ್ಟಿಯಲ್ಲಿ ದ್ರಾಕ್ಷಿ ತುಳಿಯುವ ಕಾರ್ಯಕ್ರಮವೂ ಇತ್ತು. ದೊಡ್ಡ ತೊಟ್ಟಿಯಲ್ಲಿ ಹಣ್ಣು ಸುರಿದಿರುತ್ತಾರೆ, ನೀವು ಪ್ಯಾಂಟು ಮಡಚಿ ಇಳಿದು ಕುಣಿಯಬೇಕು. ಇದನ್ನು ಕಾಕಾಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊಯ್ಯುವಾಗ ಗೊನೆ ಕೈ ಜಾರಿ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಅವರು. "ಕಾಲಿಲೆ ತುಳದದ್ದನ್ನ ಕುಡೀತಾರೇನೋ?" ಎಂದು ಕೇಳಿದರು. ಇಲ್ಲ ಕಾಕಾ, ವೈನ್ ಮಾಡುವುದು ಯಂತ್ರದಲ್ಲಿ ಹಿಂಡಿ, ಸ್ಟೀಲ್ ಟ್ಯಾಂಕಿನಲ್ಲಿ ಹುಳಿಯಲು ಬಿಟ್ಟು. ತುಳಿಯುವುದು ಸುಮ್ನೆ ಫೋಟೋಕ್ಕೆ ಅಂದೆ. ಅದನ್ನು ಕೇಳಿ ಅವರಿಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಇನ್ನು ಕಾನೂನು. ಮನೆಯವರ ವಯಸ್ಸಿನ ಪಟ್ಟಿ ಹಾಕಿದೆವು. ಮಹಾರಾಷ್ಟ್ರದಲ್ಲಿ ವೈನ್, ಬಿಯರ್‌ಗೆ 21 ಆಗಿರಬೇಕು, ಉಳಿದ ದಾರುವಿಗೆ 25. ಮದುವೆಗೆ ಹುಡುಗಿಗೆ 18 ಸಾಕು, ಓಟಿಗೂ 18. ಸರ್ಕಾರವನ್ನು ಆರಿಸಲು ಬೇಕಾದ ಬುದ್ಧಿ ಮೊದಲು ಬರುತ್ತದೆ, ಬಿಯರ್ ಆರಿಸುವ ಬುದ್ಧಿಗೆ ಇನ್ನೂ ಮೂರು ವರ್ಷ, ವಿಸ್ಕಿ ಆರಿಸಲು ಏಳು. ಕಷ್ಟ ಯಾವುದರಲ್ಲಿದೆ ಎಂದು ಕಾಯ್ದೆಗೆ ಚೆನ್ನಾಗಿ ಗೊತ್ತು.

ಪರವಾನಗಿ ವೈನಿಗೂ ಬೇಕೇ? ಇದರ ಮೇಲೆ ಮನೆಯಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಯಾಕೆಂದರೆ ವೈನ್ ಅಂದರೆ ದಾರು ಹೌದೋ ಅಲ್ಲವೋ ಎಂಬುದೇ ಈ ರಾಜ್ಯದಲ್ಲಿ ತೀರ್ಮಾನ ಆಗಿಲ್ಲ. 2022ರ ಜನವರಿಯಲ್ಲಿ ಸಚಿವ ಸಂಪುಟ ಒಂದು ನಿರ್ಧಾರ ಮಾಡಿತ್ತು, ನೆನಪಿದೆಯಲ್ವಾ? ಸಾವಿರ ಚದರಡಿಗಿಂತ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ವೈನ್ ಮಾರಬಹುದು. ಆದರೆ ಬೀಗ ಹಾಕುವ ಬೀರುವಿನಲ್ಲಿಡಬೇಕು. ಗುಡಿ, ಶಾಲೆ ಹತ್ತಿರ ಇರಬಾರದು. ಪಾನನಿಷೇಧ ಇರುವ ಜಿಲ್ಲೆಗಳಲ್ಲಿ ಇಲ್ಲ. ವೈನ್ ದಾರು ಅಲ್ಲ, ಮಾರಾಟ ಹೆಚ್ಚಾದರೆ ರೈತರಿಗೆ ಲಾಭ ಎಂದು ಆಗ ಸರ್ಕಾರದಲ್ಲಿದ್ದ ಶಿವಸೇನೆಯ ಸಂಜಯ ರಾವುತ್ ಹೇಳಿದರು. ಮಹಾರಾಷ್ಟ್ರವನ್ನು ಮದ್ಯರಾಷ್ಟ್ರ ಮಾಡಲು ಬಿಡೆವು ಎಂದು ಬಿಜೆಪಿ ಎದ್ದಿತು. ಅಣ್ಣಾ ಹಜಾರೆ ಉಪವಾಸ ಕೂರುವುದಾಗಿ ಹೇಳಿದರು. ಜನರ ಅಭಿಪ್ರಾಯ ಕೇಳುತ್ತೇವೆ ಎಂದು ಸರ್ಕಾರ ಹಿಂದೆ ಸರಿಯಿತು. ಆ ವರ್ಷವೇ ಸರ್ಕಾರವೂ ಬದಲಾಯಿತು.

ದಾರು ಅಲ್ಲದ ವಸ್ತುವಿಗೆ ಬೀಗ ಯಾಕೆ? ಗುಡಿಯಿಂದ ದೂರ ಯಾಕೆ? ಅಕ್ಕಿ, ಬೇಳೆಗೆ ಯಾರೂ ಬೀಗ ಹಾಕುವುದಿಲ್ಲ. ಇತ್ತ ದಾರು ಎಂದೇ ಒಪ್ಪಿಕೊಂಡರೆ ಅದಕ್ಕೆ ಸುಂಕ ಬಿಟ್ಟದ್ದು ಯಾಕೆ? ಪಾನನಿಷೇಧದ ಜಿಲ್ಲೆಗಳ ಕತೆಯೂ ಹೀಗೇ. ವರ್ಧಾ, ಗಡಚಿರೋಲಿ ಇನ್ನೂ ಒಣ ಜಿಲ್ಲೆಗಳು. ಚಂದ್ರಪುರ 2015ರಲ್ಲಿ ಒಣಗಿತು, 2021ರಲ್ಲಿ ಮತ್ತೆ ಒದ್ದೆಯಾಯಿತು. ನಮ್ಮ ಜತ್ತಕ್ಕೆ ಆ ಪಟ್ಟಿಯೇ ಬೇಕಿಲ್ಲ. ನಾವು ಒಣಗಿರುವುದು ನೀರಿಲ್ಲದೆ.

ಕೊನೆಗೆ ವಾದ ಬೇಡ, ಎಲ್ಲರೂ ಪರವಾನಗಿ ಮಾಡಿಸಿಬಿಡೋಣ ಎಂದಾಯಿತು. ಅವ್ವನಿಗೂ ಒಂದು ಇರಲಿ ಎಂದರು ಅಳಿಯಂದಿರು. ಅವ್ವ ಒಪ್ಪಿಕೊಂಡದ್ದು ನಾಸಿಕ್ ಅಂದರೆ ಪಂಚವಟಿ, ತ್ರ್ಯಂಬಕೇಶ್ವರ ಎಂದು ತಿಳಿದು. ಆಕೆಯ ಮೊಣಕಾಲು ನೋವಿಗೆ ಸರ್ಕಾರ ಆರೋಗ್ಯದ ಕಾಗದ ಕೊಡುತ್ತದೆ ಎಂದಾಗ, ಇಷ್ಟು ವರ್ಷ ಈ ಯೋಜನೆ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಬೈದಳು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಇದ್ಯಾವುದಕ್ಕೂ ಅಲ್ಲ, ತೆರಿಗೆಯ ವಿಷಯಕ್ಕೆ. ಮಹಾರಾಷ್ಟ್ರದಲ್ಲಿ ವೈನ್ ಮೇಲೆ ಶೇ 20 ವ್ಯಾಟ್ ಇದೆ. ಪ್ರೋತ್ಸಾಹ ಯೋಜನೆಯಲ್ಲಿ ಆ 20ರಲ್ಲಿ 16ನ್ನು ವೈನರಿಗೆ ವಾಪಸ್ ಕೊಡುತ್ತಾರೆ. ಕೊಡಲಿ, ನನ್ನ ತಕರಾರಿಲ್ಲ. ಈಗ ಕಾಕಾನ ಶೆಡ್ಡಿಗೆ ಬನ್ನಿ. ಮಾರ್ಚ್ ಬಿಸಿಲು. ಕೊಯ್ದ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೋನೇಟ್, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಮೇಣದಂಥ ಪೊರೆ ಸಡಿಲಾಗುತ್ತದೆ, ನೀರು ಬೇಗ ಆರುತ್ತದೆ. ಆಮೇಲೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಬಿಸಿಲು ನೇರವಾಗಿ ಬೀಳಬಾರದು, ಗಾಳಿ ಮಾತ್ರ ಆಡಬೇಕು. ಎರಡು ವಾರ ಕಳೆಯುವ ಹೊತ್ತಿಗೆ ಹಸಿರು ಕಾಳು ಸುಕ್ಕುಗಟ್ಟಿ ಹಳದಿ ಮಿಶ್ರಿತ ಹಸಿರಾಗುತ್ತದೆ. ಕಾಕಾ ಒಂದು ಹಿಡಿ ಎತ್ತಿ ಮುಷ್ಟಿ ಬಿಗಿ ಮಾಡಿ ಬಿಡುತ್ತಾರೆ. ಕಾಳು ಅಂಟದೆ ಬಿಡಿಬಿಡಿಯಾಗಿ ಉದುರಿದರೆ ಬೇದಾಣೆ, ಅಂದರೆ ಒಣದ್ರಾಕ್ಷಿ, ಆಯಿತು. ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ. ಆಮೇಲೆ ತಾಸಗಾಂವ ಅಥವಾ ಸಾಂಗ್ಲಿಯ ಸವಾಲು, ಅಂದರೆ ಹರಾಜು.

ಇದರಲ್ಲಿ ಕಾರ್ಖಾನೆ ಎಲ್ಲಿದೆ ಹೇಳಿ. ಬಿಸಿಲು, ಗಾಳಿ, ಕಾಕಾನ ಮುಷ್ಟಿ. ಆದರೂ ರೈತ ತಾನೇ ಒಣಗಿಸಿ ಮಾರುವ ದ್ರಾಕ್ಷಿಗೆ ಜಿಎಸ್‌ಟಿ ಇಲ್ಲ ಎಂದು ದೊಡ್ಡವರು ಬಾಯಿ ಬಿಟ್ಟು ಹೇಳಿದ್ದು 2024ರ ಡಿಸೆಂಬರ್‌ನಲ್ಲಿ, ಜಿಎಸ್‌ಟಿ ಮಂಡಳಿಯ 55ನೇ ಸಭೆಯಲ್ಲಿ. ಜಿಎಸ್‌ಟಿ ಬಂದದ್ದು 2017ರಲ್ಲಿ. ದ್ರಾಕ್ಷಿ ಹುಳಿತರೆ ರೈತರ ಕಲ್ಯಾಣ ಎಂಬುದು ಸಚಿವ ಸಂಪುಟಕ್ಕೆ ಒಂದೇ ಸಭೆಯಲ್ಲಿ ಹೊಳೆಯಿತು. ದ್ರಾಕ್ಷಿ ಒಣಗಿದರೂ ಅದು ರೈತನದೇ ಮಾಲು ಎಂಬುದು ಹೊಳೆಯಲು ಐವತ್ತೈದು ಸಭೆ ಬೇಕಾಯಿತು. ನಾಸಿಕ್ ಕಣಿವೆಯ ವೈನಿಗೂ ಸಾಂಗ್ಲಿಯ ಬೇದಾಣೆಗೂ ಜಿಐ, ಅಂದರೆ ಆ ಊರಿನದೇ ಮಾಲು ಎಂಬ ಭೌಗೋಳಿಕ ಗುರುತಿನ, ಪಟ್ಟ ಇದೆ. ಕಾಕಾನ ಶೆಡ್ಡು ನೋಡಲು ಮಾತ್ರ ಯಾರೂ ಟಿಕೆಟ್ ತೆಗೆದು ಬಂದದ್ದಿಲ್ಲ.

ಹಾಗಾದರೆ ಕಾಕಾ ನೀವೂ ವೈನ್ ದ್ರಾಕ್ಷಿ ಹಾಕಬಾರದೇಕೆ ಎಂದು ಅಳಿಯಂದಿರು ಕೇಳಿದರು. ಕೇಳುವುದು ಸುಲಭ. ನಮ್ಮ ಥಾಮ್ಸನ್‌ನಿಂದ ಒಳ್ಳೆಯ ವೈನ್ ಆಗುವುದಿಲ್ಲ. ಅದಕ್ಕೆ ಶಿರಾಜ್, ಸೋವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ ಎಂಬ ಬೇರೆ ಜಾತಿಗಳು ಬೇಕು. ಚಿಕ್ಕ ಕಾಳು, ಒಳಗೆ ಬೀಜ. ವೈನರಿ ಕೊಳ್ಳಲಿಲ್ಲ ಎಂದರೆ ಅದನ್ನು ತಿನ್ನುವವರಿಲ್ಲ, ಒಣಗಿಸಿದರೆ ಕೇಳುವವರಿಲ್ಲ. ಥಾಮ್ಸನ್ ಆದರೆ ಪೇಟೆ ಬಿದ್ದಾಗ ಬಲೆಯ ಮೇಲಾದರೂ ಹಾಕಬಹುದು.

ಕೊನೆಯ ಸಮಸ್ಯೆ ಡ್ರೈವರ್. ವೈನರಿಗಳು ಒಂದು ಕಡೆ ಇಲ್ಲ, ಊರಾಚೆ ಹತ್ತಾರು ಮೈಲಿ ಹರಡಿವೆ. ಬಸ್ಸು ಹಿಡಿದು ಎಲ್ಲವನ್ನೂ ಸುತ್ತಲು ಆಗದು, ಕಾರು ಬೇಕು. ಕಾರು ಓಡಿಸುವವನ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮದ್ಯ ದಾಟಿದರೆ ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳು ಒಳಗೆ, ಎರಡೂ ಆಗಬಹುದು. ಪ್ರವಾಸೋದ್ಯಮದ ಜಾಹೀರಾತು ಬನ್ನಿ ಎನ್ನುತ್ತದೆ, ಗೇಟಿನ ಹೊರಗೆ ಪೊಲೀಸರು ಊದಿ ಎನ್ನುತ್ತಾರೆ. ರುಚಿ ನೋಡಿ ಉಗುಳಲು ಅಲ್ಲಿ ಒಂದು ಪಾತ್ರೆ ಇಟ್ಟಿರುತ್ತಾರೆ ಎಂದು ಅಳಿಯಂದಿರು ಸಮಾಧಾನ ಹೇಳಿದರು. ದುಡ್ಡು ಕೊಟ್ಟು ಉಗುಳುವ ಮಾತಿಗೆ ವೈನಿ ಎದ್ದು ಒಳಗೆ ಹೋದರು.

ಒಳಗಿನಿಂದಲೇ ಪರಿಹಾರವನ್ನೂ ಹೇಳಿದರು. "ಮಾವಾರ ಹೆಂಗೂ ಮಾಳಕರಿ. ಅವರೇ ಗಾಡಿ ಹೊಡೀಲಿ."

ಮನೆಯೆಲ್ಲ ಕಾಕಾನ ಕೊರಳು ನೋಡಿತು. ತುಳಸಿ ಮಾಲೆ. ವಿಠೋಬನ ವಾರಿ, ಅಂದರೆ ಪಂಢರಪುರದ ಯಾತ್ರೆ, ಬಿಟ್ಟವರಲ್ಲ, ಹನಿ ಮುಟ್ಟಿದವರಲ್ಲ. ಜನ್ಮವಿಡೀ ದ್ರಾಕ್ಷಿ ಬೆಳೆದವರು, ದ್ರಾಕ್ಷಿ ನೋಡಲು ಹೋಗುವವರನ್ನು ಕೂರಿಸಿಕೊಂಡು ಹೋಗಿ, ಅವರು ಆರೋಗ್ಯ ಕಾಪಾಡಿಕೊಂಡು ಹೊರಬರುವ ತನಕ ಪಾರ್ಕಿಂಗ್‌ನಲ್ಲಿ ಕೂರಬೇಕು. ಬಾಗಿಲಲ್ಲಿ ಪ್ರವೇಶ ಶುಲ್ಕ ಇದ್ದರೆ ಒಳಗೆ ಬರುವ ಕುಡಿಯದವರಿಗೂ ಅದರಲ್ಲಿ ರಿಯಾಯಿತಿ ಇಲ್ಲ ಎಂದು ಅಳಿಯಂದಿರು ಎಚ್ಚರಿಸಿದರು. ಕಾಕಾ ಬೇಜಾರಾಗಲಿಲ್ಲ. ಅಲ್ಲಿಯ ರೈತರಿಗೆ ಕಿಲೋಕ್ಕೆ ಎಷ್ಟು ಕೊಡುತ್ತಾರೆ ಎಂದು ಕೇಳಿಕೊಂಡು ಬರಲು ಹೊರಗೆ ಕೂರುವುದೇ ಒಳ್ಳೆಯದು ಅಂದರು.

ಈಗ ಉಳಿದಿರುವುದು ತಾರೀಖು. ಜನವರಿ 26ರ ಸುತ್ತ ಬೇಡ, ಡ್ರೈ ಡೇ. ಯಾವುದಾದರೂ ಚುನಾವಣೆ ಬಂದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ ಬಂದ್, ಎಣಿಕೆಯ ದಿನವೂ ಬಂದ್. ಅಳಿಯಂದಿರು ತಮ್ಮ ರಜೆಯನ್ನು ಹಸಿರು ಬಣ್ಣದಲ್ಲಿ, ಇದನ್ನೆಲ್ಲ ಕೆಂಪು ಬಣ್ಣದಲ್ಲಿ ಗುರುತು ಮಾಡಿ ಫೆಬ್ರವರಿಯ ಎರಡನೇ ವಾರ ಎಂದು ಗಟ್ಟಿ ಮಾಡಿದ್ದಾರೆ. ಹೋಟೆಲ್ ಬುಕ್ ಮಾಡಲೇ ಎಂದು ದಿನಾ ಕೇಳುತ್ತಿದ್ದಾರೆ. ಆದರೆ ಫೆಬ್ರವರಿ ಹೊತ್ತಿಗೆ ನಮ್ಮ ಬೋರು ಕೈ ಕೊಟ್ಟಿರುತ್ತದೆ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದು ನಮ್ಮದೇ ಜಿಲ್ಲೆಯ ಮಿರಜದಿಂದ. 2022ರ ನವೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಹಳ್ಳಿಗಳಿಗಾಗಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಟಿವಿಯಲ್ಲಿ ಜಗಳವಾಡಿ ನೀರಿನ ಮಾತು ಕೊಟ್ಟದ್ದೂ ಆಯಿತು. ಕಾಕಾನ ತೋಟಕ್ಕೆ ಬರುವುದು ಮಾತ್ರ ಟ್ಯಾಂಕರ್. ಅದು ಬಂದ ದಿನ ಕಾಕಾ ಮನೆಯಲ್ಲೇ ಇರಬೇಕು. ಟ್ಯಾಂಕರ್‌ನವನು ಇನ್ನೂ ತಾರೀಖು ಹೇಳಿಲ್ಲ.